ನಮ್ಮೂರ ಹುಡುಗ ಹುಡುಗಿಯರನ್ನು ಕೇಳಬೇಕು ಅಂತಿದ್ದೇವೆ. ಏನು ಕೇಳೋದು, ಹೆಂಗೆ ಕೇಳೋದು?

ತೊಗರಿಹೊಲ (ಚಿತ್ತಾಪುರ ತಾಲೂಕು)

ಎಲ್ಲರಿಗೂ ಶರಣು. ನಮ್ಮೂರಲ್ಲಿ ಪಂಚಾಯತಿ ಗ್ರಂಥಾಲಯದ ಕೆಲಸಕ್ಕೆ ನಾವು ಒಂದಿಷ್ಟು ಮಂದಿ ಕೈ ಹಾಕುತ್ತೇವೆ. ಈಗ ಅದಕ್ಕೆ ಅರಿವು ಕೇಂದ್ರ ಅಂತ ಹೆಸರು. ಊರಿನ 14ರಿಂದ 22 ವಯಸ್ಸಿನವರನ್ನು ಕೇಳೋಣ ಅನ್ನೋ ಯೋಚನೆ ಬಂದಿದೆ. ಅವರ ದಿನ ಹೇಗೆ ಕಳೆಯುತ್ತದೆ, ಊರಲ್ಲಿ ಏನು ಬದಲಾಗಬೇಕು, ಇಲ್ಲೇ ಇರಬೇಕು ಅನಿಸುತ್ತದೋ ಬಿಟ್ಟು ಹೋಗಬೇಕು ಅನಿಸುತ್ತದೋ. ಬಂದ ಉತ್ತರಗಳನ್ನು ಪಂಚಾಯತಿಗೆ ಕೊಡುವುದು.

ನಮ್ಮ ಭಾಗದ ಹುಡುಗರ ಬಗ್ಗೆ ಮಾತಾಡುವವರಿಗೆ ಬರ ಇಲ್ಲ. 2024ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ಕೊನೆಗೆ ಬಂತು, ಶೇ 50.59. ಮರುವರ್ಷ ಕೊನೆಯ ಜಾಗ ನಮ್ಮ ಕಲಬುರಗಿಗೆ, ಶೇ 42.43. ಎರಡೂ ಸಲ ಟಿವಿಯಲ್ಲಿ ಚರ್ಚೆ ಆಯಿತು, ಸಭೆ ಆದವು, ಕಾರಣ ಕೇಳುವ ನೋಟಿಸ್ ಹೋದವು. ಫೇಲಾದ ಹುಡುಗನನ್ನು ಕೂರಿಸಿಕೊಂಡು "ಏನಾಯ್ತು ತಮ್ಮಾ" ಅಂತ ಕೇಳಿದವರನ್ನು ನಾನಂತೂ ನೋಡಿಲ್ಲ.

ಗೆಳೆಯರೊಬ್ಬರು ಒಂದು ಗೂಗಲ್ ಫಾರ್ಮ್ ಮಾಡಿಕೊಟ್ಟಿದ್ದಾರೆ. ಓದಿದರೆ ಜನಗಣತಿ ಪಟ್ಟಿ ಇದ್ದ ಹಾಗಿದೆ. ನನಗೆ ಸಮಾಧಾನ ಇಲ್ಲ. ಇಂಥ ಕೆಲಸ ಮಾಡಿದವರು ಅಥವಾ ಇಂಥದ್ದರಲ್ಲಿ ಉತ್ತರ ಕೊಟ್ಟವರು ಇದ್ದರೆ ಹೇಳಿ.

ಚಾ_ಅಂಗಡಿ (ಕಲಬುರಗಿ)

ಕೇಳಿ ಅಣ್ಣಾ, ಬೇಡ ಅನ್ನಲ್ಲ. ಆದರೆ ನಮ್ಮ ಭಾಗವನ್ನು ಕೇಳಿ ಬರೆದುಕೊಂಡು ಹೋದವರು ಕಡಿಮೆ ಏನಿಲ್ಲ. ಯಾವ ತಾಲೂಕು ಎಷ್ಟು ಹಿಂದುಳಿದಿದೆ ಅಂತ ನೋಡಿದ ನಂಜುಂಡಪ್ಪ ಸಮಿತಿ 2002ರಲ್ಲೇ ವರದಿ ಕೊಟ್ಟಿತು. ರಾಜ್ಯದ 39 ಅತಿ ಹಿಂದುಳಿದ ತಾಲೂಕುಗಳಲ್ಲಿ 21 ನಮ್ಮ ವಿಭಾಗದವೇ. ಆಮೇಲೆ ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಅಂತ ಸಂವಿಧಾನದ 371ಜೆ ವಿಧಿ ಬಂತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯಿತು. ಈಗ ನಮ್ಮ ಅಭಿವೃದ್ಧಿ ಮಂಡಳಿಗೆ ಬಜೆಟ್ಟಿನಲ್ಲಿ ವರ್ಷಕ್ಕೆ 5,000 ಕೋಟಿ ಅಂತ ಓದುತ್ತೇವೆ. ಆ ವರದಿ ಬಂದ ವರ್ಷ ಹುಟ್ಟಿದ ಕೂಸಿಗೆ ಈಗ ಮದುವೆ ವಯಸ್ಸು. ಅದನ್ನು ಯಾರಾದರೂ ಏನಾದರೂ ಕೇಳಿದ್ದಾರಾ?

ನೀವು ಕೇಳಿದ ಮೇಲೆ ಉತ್ತರ ಕೊಡೋರು ಯಾರು ಅನ್ನೋದನ್ನು ಮೊದಲು ಬಗೆಹರಿಸಿಕೊಳ್ಳಿ.

ನಿವೃತ್ತ_ಪಿಡಿಒ (ಸೇಡಂ)

ತೊಗರಿಹೊಲ ಅವರೇ, ಹೊಸದಾಗಿ ಶುರು ಮಾಡುವ ಅಗತ್ಯ ಇಲ್ಲ. ಮಕ್ಕಳ ಗ್ರಾಮ ಸಭೆ ಅಂತ ಇದೆ. ಸರ್ಕಾರದ ಸುತ್ತೋಲೆ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಯೂ ವರ್ಷಕ್ಕೊಮ್ಮೆ ಮಾಡಬೇಕು. ಸಾಮಾನ್ಯವಾಗಿ ನವೆಂಬರ್ 14ರ ಮಕ್ಕಳ ದಿನಾಚರಣೆಯ ಸುತ್ತಮುತ್ತ ನಡೆಯುತ್ತದೆ. ಶಾಲೆಯವರು, ಅಂಗನವಾಡಿಯವರು, ಆಶಾ, ಬೀಟ್ ಪೊಲೀಸ್ ಎಲ್ಲರೂ ಬರಬೇಕು. ಮಕ್ಕಳು ಪ್ರಶ್ನೆ ಕೇಳಬೇಕು, ಅಧ್ಯಕ್ಷರು, ಪಿಡಿಒ ಉತ್ತರ ಕೊಡಬೇಕು, ನಡಾವಳಿ ಬರೆಯಬೇಕು.

ಇದು ಹುಟ್ಟಿದ್ದು ನಮ್ಮ ರಾಜ್ಯದಲ್ಲೇ. ಕುಂದಾಪುರ ಕಡೆ 1990ರ ದಶಕದಲ್ಲಿ ದುಡಿಯುವ ಮಕ್ಕಳು ಭೀಮ ಸಂಘ ಕಟ್ಟಿಕೊಂಡಿದ್ದರು. ತಮ್ಮದೇ ಮಕ್ಕಳ ಪಂಚಾಯತಿ ನಡೆಸಿದರು. ಊರಿನ ಮಾಹಿತಿಯನ್ನು ಆ ಮಕ್ಕಳೇ ಸಂಗ್ರಹಿಸಿ ದೊಡ್ಡವರ ಮುಂದೆ ಇಟ್ಟರು. ಅಲ್ಲಿಂದ ಇಲ್ಲಿಗೆ ಬಂದ ವಿಚಾರ ಇದು.

ಒಂದು ಮಾತು ಒಪ್ಪುತ್ತೇನೆ. ಬಹಳ ಕಡೆ ಇದು ಪೆಂಡಾಲು, ಸ್ವಾಗತ ಗೀತೆ, ಬಿಸ್ಕೀಟು, ಫೋಟೊಕ್ಕೆ ಮುಗಿಯುತ್ತದೆ.

ಸಗರನಾಡು_ಹುಡುಗಿ (ಶಹಾಪುರ ತಾಲೂಕು)

ಆ ಸಭೆಯಲ್ಲಿ ಪ್ರಶ್ನೆ ಕೇಳಿದವಳು ನಾನು! ಒಂಬತ್ತನೇ ಕ್ಲಾಸಿನಲ್ಲಿದ್ದಾಗ. ಈಗ ಬಿಎ ಎರಡನೇ ವರ್ಷ.

ನಡೆದದ್ದು ಹೇಳುತ್ತೇನೆ. ಚೆನ್ನಾಗಿ ಓದುವ, ಗಟ್ಟಿಯಾಗಿ ಮಾತಾಡುವ ಕೆಲವರನ್ನು ಆರಿಸಿದರು. ಚೀಟಿ ಬರೆದುಕೊಟ್ಟರು. ನನಗೆ ಬಂದದ್ದು "ನಮ್ಮ ಶಾಲೆಗೆ ಕಾಂಪೌಂಡ್ ಯಾವಾಗ ಕಟ್ಟಿಸುತ್ತೀರಿ". ಓದಿದೆ. ಚಪ್ಪಾಳೆ ಬಿತ್ತು. ಮುಂದಿನ ವರ್ಷ ನನ್ನ ತಂಗಿ ಅದೇ ಚೀಟಿ ಓದಿದಳು.

ನನಗೆ ಕೇಳಬೇಕಾಗಿದ್ದು ಬೇರೆ. ನಮ್ಮ ಶಾಲೆಯಲ್ಲಿ ಹುಡುಗಿಯರ ಶೌಚಾಲಯ ಇತ್ತು. ಬೀಗ ಹಾಕಿರುತ್ತಿತ್ತು. ಕೀಲಿಕೈ ಬೇಕು ಅಂದರೆ ಸ್ಟಾಫ್ ರೂಮಿಗೆ ಹೋಗಿ, ಸರ್‌ಗಳ ಎದುರು ನಿಂತು ಕೇಳಬೇಕು. ಮುಟ್ಟಿನ ದಿನ ಅಷ್ಟು ಮಂದಿ ಗಂಡಸರ ಮುಂದೆ ಯಾರು ಹೋಗಿ ಕೇಳುತ್ತಾರೆ? ಮನೆಗೇ ಹೋಗಿಬಿಡುತ್ತಿದ್ದೆವು. ಹಾಜರಿ ಪುಸ್ತಕದಲ್ಲಿ ಅದು ಗೈರು. ಇದನ್ನು ಹೆಡ್ ಮಾಸ್ತರ್ ಪಕ್ಕದಲ್ಲೇ ಕೂತಿರುವಾಗ, ಮೈಕಿನಲ್ಲಿ, ಇಡೀ ಊರಿನ ಮುಂದೆ ಹೇಳೋಕೆ ಆಗುತ್ತಾ?

ಈಗಿನ ತೊಂದರೆ ಬಸ್ಸು. 2023ರ ಜೂನ್‌ನಲ್ಲಿ ಹೆಂಗಸರಿಗೆ ಉಚಿತ ಬಸ್ಸಿನ ಶಕ್ತಿ ಯೋಜನೆ ಬಂದಮೇಲೆ ಟಿಕೆಟ್ ದುಡ್ಡು ಉಳಿಯಿತು, ಅದು ದೊಡ್ಡ ಉಪಕಾರ. ನನ್ನ ಜೊತೆಯ ಕೆಲವರು ಕಾಲೇಜು ಸೇರಿದ್ದೇ ಅದರಿಂದ. ಆದರೆ ಸಂಜೆ ಬಸ್ಸು ತುಂಬಿಕೊಂಡೇ ಬರುತ್ತದೆ, ನಮ್ಮ ಸ್ಟಾಪಿನಲ್ಲಿ ನಿಲ್ಲಲ್ಲ. ಮುಂದಿನ ಬಸ್ಸಿಗೆ ಬಂದರೆ ಕತ್ತಲಾಗಿರುತ್ತದೆ. ಹೀಗೆ ನಾಲ್ಕು ದಿನ ಆದರೆ ಮನೆಯಲ್ಲಿ "ಸಾಕು ಕಾಲೇಜು" ಅನ್ನುತ್ತಾರೆ, ಆಮೇಲೆ ವರ ನೋಡೋಕೆ ಶುರು. ನನ್ನ ಗೆಳತಿಗೆ ಹಾಗೇ ಆಯಿತು. ನಿಮ್ಮ ಫಾರ್ಮಿನಲ್ಲಿ "ಸಾರಿಗೆ ಸೌಲಭ್ಯ: ಉತ್ತಮ / ಸಾಧಾರಣ / ಕಳಪೆ" ಅಂತ ಇದ್ದರೆ ಇದು ಎಲ್ಲಿ ಬರುತ್ತದೆ ಹೇಳಿ.

ತೊಗರಿಹೊಲ

ನಿಜಕ್ಕೂ ಹಾಗೇ ಇದೆ ತಂಗಿ. ಉತ್ತಮ, ಸಾಧಾರಣ, ಕಳಪೆ.

ಬೀದರಿ_ಕುಸುರಿ (ಔರಾದ್ ತಾಲೂಕು)

ನಾನು ಶಿಕ್ಷಕಿ. ಮೇಲಿನ ಮಾತಿಗೆ ನನ್ನ ಸಹೋದ್ಯೋಗಿಗಳು ಸಿಟ್ಟಾಗಬಹುದು, ನನಗೆ ಸಿಟ್ಟು ಬರಲಿಲ್ಲ. ಚೀಟಿ ಬರೆದುಕೊಡುವುದು ಯಾಕೆ ಅಂದರೆ ಮಕ್ಕಳು ಏನಾದರೂ ಕೇಳಿ ಶಾಲೆಯ ಮಾನ ಹೋದೀತು ಅನ್ನೋ ಭಯ. ಮೇಲಿನವರು ನಮ್ಮನ್ನು ಕೇಳುತ್ತಾರೆ, ನಾವು ಮಕ್ಕಳ ಬಾಯಿ ಮುಚ್ಚಿಸುತ್ತೇವೆ.

ರಾಜರ್ ಹಾರ್ಟ್ ಅನ್ನುವವರು 1992ರಲ್ಲಿ ಮಕ್ಕಳ ಭಾಗವಹಿಸುವಿಕೆಗೆ ಎಂಟು ಮೆಟ್ಟಿಲಿನ ಏಣಿ ಹಾಕಿ ತೋರಿಸಿದ್ದರು. ಕೆಳಗಿನ ಮೂರು ಮೆಟ್ಟಿಲು ಲೆಕ್ಕಕ್ಕೇ ಇಲ್ಲ ಅಂದರು: ಮಕ್ಕಳನ್ನು ಆಡಿಸುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗೆ ಒಬ್ಬರನ್ನು ಕೂರಿಸುವುದು. ನಮ್ಮ ಬಹಳಷ್ಟು ಸಭೆಗಳು ಆ ಮೂರರಲ್ಲೇ ಇವೆ.

ಕೆಲಸಕ್ಕೆ ಬಂದ ಒಂದು ವಿಧಾನ ಹೇಳುತ್ತೇನೆ. ನೆಲದ ಮೇಲೆ ಸುಣ್ಣದ ಪುಡಿಯಿಂದ ಊರಿನ ನಕ್ಷೆ ಬಿಡಿಸೋಕೆ ಹೇಳಿ. ಹುಡುಗರಿಗೆ ಬೇರೆ, ಹುಡುಗಿಯರಿಗೆ ಬೇರೆ. ನಂತರ ಪ್ರತಿಯೊಬ್ಬರಿಗೂ ಐದೈದು ಹುಣಸೆ ಬೀಜ ಕೊಡಿ. ಹೋಗೋಕೆ ಇಷ್ಟ ಇಲ್ಲದ ಜಾಗದಲ್ಲಿ ಬೀಜ ಇಡಲಿ. ಬಾಯಿ ಬಿಟ್ಟು ಹೇಳಬೇಕಾಗಿಲ್ಲ, ಬರೆಯೋಕೆ ಬರಬೇಕಾಗಿಯೂ ಇಲ್ಲ. ನಾನು ಮಾಡಿಸಿದಾಗ ಹುಡುಗರ ನಕ್ಷೆಯಲ್ಲಿ ಬೀಜ ಚದುರಿ ಹೋಗಿದ್ದವು. ಹುಡುಗಿಯರ ನಕ್ಷೆಯಲ್ಲಿ ಹೆಚ್ಚಿನವು ಒಂದೇ ಕಿರಾಣಿ ಅಂಗಡಿ ಮುಂದೆ ಗುಂಪಾಗಿ ಬಿದ್ದವು. ಅಲ್ಲಿ ಸಂಜೆ ಕದ್ದು ಶರೆ (ಹೆಂಡ) ಮಾರುತ್ತಿದ್ದರು. ಊರಿನ ದೊಡ್ಡವರಿಗೆ ಮಾರುವ ವಿಷಯ ಗೊತ್ತಿತ್ತು. ಅದರಿಂದ ಟ್ಯೂಷನ್‌ಗೆ ಹೋಗುವ ಹುಡುಗಿಯರು ಊರು ಸುತ್ತಿ ಬಳಸು ದಾರಿ ಹಿಡಿಯುತ್ತಾರೆ ಅನ್ನೋದು ಗೊತ್ತಿರಲಿಲ್ಲ.

ಇನ್ನೊಂದು, ಭಾಷೆ. ನಮ್ಮಲ್ಲಿ ಮನೆಯಲ್ಲಿ ಮರಾಠಿ ಮಾತಾಡುವ ಮಕ್ಕಳು ಬಹಳ. ತಾಂಡಾದಲ್ಲಿ ಲಂಬಾಣಿ. ಬೀದರ್ ಪಟ್ಟಣದಲ್ಲಿ ಉರ್ದು. ನಿಮ್ಮ ಕಡೆ ಗುರುಮಠಕಲ್, ಸೇಡಂ ಅಂಚಿಗೆ ಹೋದರೆ ತೆಲುಗು. ಪುಸ್ತಕದ ಕನ್ನಡದಲ್ಲಿ ಪ್ರಶ್ನೆ ಕೇಳಿದರೆ ಪುಸ್ತಕದ ಉತ್ತರವೇ ಬರುತ್ತದೆ. ತಾಂಡಾದಲ್ಲಿ ಕೇಳೋಕೆ ತಾಂಡಾದ ಹುಡುಗಿಯನ್ನೇ ಕಳಿಸಿ.

ಜೋಳದ_ರೊಟ್ಟಿ (ಆಳಂದ)

ಎರಡು ಮಕ್ಕಳ ತಾಯಿ ನಾನು, ಮಗಳಿಗೆ 16. ನೀವೆಲ್ಲ ಚೆನ್ನಾಗಿ ಮಾತಾಡುತ್ತಿದ್ದೀರಿ, ಆದರೆ ಒಂದು ಭಯ ಹೇಳುತ್ತೇನೆ. ಹುಡುಗಿಯರನ್ನು ಕೂರಿಸಿ ಮೊಬೈಲು, ಪ್ರೀತಿ, ಮದುವೆ ಅಂತೆಲ್ಲ ಕೇಳುತ್ತೀರಿ. ಒಬ್ಬಳು ಮನಸ್ಸು ಬಿಚ್ಚಿ ಹೇಳುತ್ತಾಳೆ. ಸಂಜೆಗೆ ಅದು ಊರೆಲ್ಲ ಹಬ್ಬುತ್ತದೆ. ಆಮೇಲೆ ಅವಳ ಗತಿ? ನೀವು ವರದಿ ಬರೆದು ಹೋಗುತ್ತೀರಿ, ನಾವು ಊರಲ್ಲಿ ಬಾಳಬೇಕು.

ಸಗರನಾಡು_ಹುಡುಗಿ

ಅಕ್ಕಾ, ನಿಮ್ಮ ಭಯ ಸುಳ್ಳಲ್ಲ. ಆದರೆ ಕೇಳದೇ ಇದ್ದರೆ ಅವಳ ಗತಿ ಚೆನ್ನಾಗಿರುತ್ತದೆ ಅಂತ ಹೇಗೆ ಹೇಳೋದು? ನನ್ನ ಗೆಳತಿಯನ್ನು ಯಾರೂ ಏನೂ ಕೇಳಲಿಲ್ಲ. ಮದುವೆ ಕಾರ್ಡಿನಲ್ಲಿ ಹೆಸರು ಅಚ್ಚಾದ ಮೇಲೆ ಅವಳಿಗೆ ಗೊತ್ತಾಯಿತು.

ಜೋಳದ_ರೊಟ್ಟಿ

ಅಲ್ಲವ್ವಾ, ಕೇಳಬೇಡಿ ಅಂತ ನಾನು ಅಂದಿಲ್ಲ. ಯಾರು ಕೇಳುತ್ತಾರೆ, ಯಾರ ಮುಂದೆ ಕೇಳುತ್ತಾರೆ ಅನ್ನೋದನ್ನು ಕೇಳಿದೆ. ಊರಿನ ಗಂಡುಹುಡುಗರು ಪೆನ್ನು ಹಿಡಿದು ಬಂದು ಕೂತರೆ ನಾನು ನನ್ನ ಮಗಳನ್ನು ಕಳಿಸಲ್ಲ. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಕೇಳಿದರೆ ಕಳಿಸುತ್ತೇನೆ.

ಕರಿಕೋಟು (ಕಲಬುರಗಿ)

ವಕೀಲಿ ಮಾಡುವವನು, ಹಾಗಾಗಿ ಒಣ ಮಾತು. ಆ ತಾಯಿ ಹೇಳಿದ್ದರಲ್ಲಿ ಕಾನೂನೂ ಇದೆ.

ಮೊದಲನೆಯದಾಗಿ, ಗೂಗಲ್ ಫಾರ್ಮಿನಲ್ಲಿ ಹೆಸರು, ಫೋನ್ ನಂಬರ್ ಕೇಳಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ 18 ತುಂಬದವರ ಮಾಹಿತಿಗೆ ತಂದೆ ತಾಯಿಯ ಒಪ್ಪಿಗೆ ಬೇಕು ಅನ್ನುತ್ತದೆ. ನಿಮಗೆ ಹೆಸರು ಯಾಕೆ ಬೇಕು? ವಯಸ್ಸು, ಓಣಿ, ಗಂಡೋ ಹೆಣ್ಣೋ, ಇಷ್ಟು ಸಾಕು. ಸಣ್ಣ ಊರಲ್ಲಿ ಓಣಿ ಹೇಳಿದರೂ ಯಾರು ಅಂತ ಗೊತ್ತಾಗುತ್ತದೆ ಅನಿಸಿದರೆ ಅದೂ ಬೇಡ.

ಇನ್ನೊಂದು ಬಹಳ ಮುಖ್ಯ. "ನೀನು ಹೇಳಿದ್ದು ನಮ್ಮಲ್ಲೇ ಇರುತ್ತದೆ" ಅಂತ ಮಾತು ಕೊಡಬೇಡಿ. ಒಂದು ಮಗು ತನ್ನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಹೇಳಿಕೊಂಡರೆ, 2012ರ ಪೋಕ್ಸೊ ಕಾಯ್ದೆ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಅದೇ ಅಪರಾಧ. ಹಾಗಾಗಿ ಶುರುವಿನಲ್ಲೇ ಹೇಳಿಬಿಡಿ: "ನಿನಗೆ ಅಪಾಯ ಇದೆ ಅಂತ ಗೊತ್ತಾದರೆ ಮಾತ್ರ ನಾವು ಸುಮ್ನೆ ಕೂರೋಕೆ ಆಗಲ್ಲ." ಮಕ್ಕಳ ಸಹಾಯವಾಣಿ 1098 ಸಂಖ್ಯೆ ಗೋಡೆ ಮೇಲೆ ಬರೆದಿರಲಿ. ಮಗು ಅತ್ತರೆ ಏನು ಮಾಡಬೇಕು ಅಂತ ಗೊತ್ತಿರುವವರು ಒಬ್ಬರಾದರೂ ಅಲ್ಲಿ ಇರಲಿ.

ಮಕ್ಕಳನ್ನು ಕೇಳುವುದು ಉಪಕಾರ ಅಂದುಕೊಂಡವರಿಗೆ ಇದನ್ನೂ ಹೇಳಿಬಿಡುತ್ತೇನೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರ ಡಿಸೆಂಬರ್ 11ರಂದು ಒಪ್ಪಿಕೊಂಡಿದೆ. ತನಗೆ ಸಂಬಂಧಪಟ್ಟ ವಿಷಯದಲ್ಲಿ ಮಗುವಿನ ಮಾತು ಕೇಳಬೇಕು, ವಯಸ್ಸಿಗೆ ತಕ್ಕಂತೆ ಅದಕ್ಕೆ ಬೆಲೆ ಕೊಡಬೇಕು ಅಂತ ಅದರ 12ನೇ ವಿಧಿ ಹೇಳುತ್ತದೆ.

ಸೈಟ್_ಮೇಸ್ತ್ರಿ (ಯಾದಗಿರಿಯವನು, ಈಗ ಬೆಂಗಳೂರು)

ಎಲ್ಲ ಸರಿ ರೀ. ನೀವು ಊರಲ್ಲಿ ಇದ್ದವರನ್ನು ಕೇಳುತ್ತೀರಿ. ಊರಲ್ಲಿ ಇಲ್ಲದವರನ್ನು?

ನಮ್ಮೂರಲ್ಲಿ 18ರಿಂದ 25ರ ಹುಡುಗರನ್ನು ಹುಡುಕೋಕೆ ಹೋದರೆ ಅರ್ಧ ಮಂದಿ ಸಿಗಲ್ಲ. ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್‌ಗಳಲ್ಲಿ ಇರುತ್ತಾರೆ. ಗುಳೆ ಹೋದ ಮನೆಯ ಮಕ್ಕಳು ಒಂದೋ ಅಜ್ಜಿ ಹತ್ತಿರ, ಇಲ್ಲಾ ಅಪ್ಪ ಅವ್ವನ ಜೊತೆ ಸೈಟಿನ ತಗಡಿನ ಶೆಡ್ಡಿನಲ್ಲಿ. ನಾನು 15ಕ್ಕೆ ಬಂದವನು. ಮೊದಲು ಹತ್ತಿ ಬಿಡಿಸೋಕೆ ಹೋಗುತ್ತಿದ್ದೆ. ನವೆಂಬರಿನಲ್ಲಿ ಶಾಲೆಯಲ್ಲಿ ಸಭೆ ಮಾಡುತ್ತೀರಲ್ಲ, ಆಗ ಹತ್ತಿ ಬಿಡಿಸುವ ಕಾಲ. ಡಿಸೆಂಬರ್, ಜನವರಿಗೆ ತೊಗರಿ ರಾಶಿ. ಯಾರ ಮಾತು ಕೇಳಬೇಕೋ ಅವರು ಹೊಲದಲ್ಲಿ ಇರುತ್ತಾರೆ.

ನಮ್ಮವರು ಊರಿಗೆ ಬರುವುದು ಮೊಹರಂಗೆ, ಯುಗಾದಿಗೆ, ಊರ ಜಾತ್ರೆಗೆ. ಮೊಹರಂನ ಅಲಾಯಿ ಕುಣಿಯೋಕೆ ಅಂತ ರಜೆ ಇಲ್ಲದಿದ್ದರೂ ಕೂಲಿ ಬಿಟ್ಟು ಬರುತ್ತೇವೆ. ಆಗ ಕೇಳಿ. ಇಲ್ಲಾ ಊರಿನ ವಾಟ್ಸಾಪ್ ಗುಂಪಿನಲ್ಲಿ ಕೇಳಿ, ಧ್ವನಿ ಕಳಿಸುತ್ತೇವೆ. ಬರೆಯೋಕೆ ಬೇಜಾರು, ಮಾತಾಡೋಕೆ ಬೇಜಾರಿಲ್ಲ.

ನನ್ನನ್ನು ಕೇಳಿದರೆ ಏನು ಹೇಳುತ್ತಿದ್ದೆ ಗೊತ್ತಾ? ವಾಪಸ್ ಬಾ ಅಂತ ಎಲ್ಲರೂ ಹೇಳುತ್ತಾರೆ, ಬಂದು ಏನು ಮಾಡಲಿ ಅಂತ ಯಾರೂ ಹೇಳಲ್ಲ. ನನಗೆ ಟೈಲ್ಸ್ ಕೆಲಸ ಬರುತ್ತದೆ, ಸೆಂಟ್ರಿಂಗ್ ಬರುತ್ತದೆ. ನಮ್ಮ ಪಂಚಾಯತಿ ಕಟ್ಟಡ ಕಟ್ಟೋಕೆ ಹೊರಗಿನ ಕಂತ್ರಾಟುದಾರ ಹೊರಗಿನ ಮಂದಿಯನ್ನು ಕರೆತಂದ. ನಾವು ಬೆಂಗಳೂರಲ್ಲಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದೆವು.

ಪಿಯು_ಎರಡನೇ_ವರ್ಷ (ವಾಡಿ ಹತ್ತಿರ)

ನನಗೆ 17. ನಮ್ಮ ಬಗ್ಗೆ ಇಷ್ಟು ದೊಡ್ಡ ಚರ್ಚೆ ನಡೆಯುತ್ತಿದೆ, ನಮ್ಮ ವಯಸ್ಸಿನವರು ಇಲ್ಲಿ ಇರೋದು ನಾನು ಮತ್ತು ಆ ಶಹಾಪುರದ ಅಕ್ಕ ಅಷ್ಟೇ ಅನಿಸುತ್ತದೆ. 😄

ಪ್ರಶ್ನೆಗಳನ್ನು ನೀವೇ ಮಾಡಿದ್ದೀರಿ. ಅದೇ ಮೊದಲ ತಪ್ಪು. ನಮ್ಮ ಊರಲ್ಲಿ ನಾನು ಪ್ರಶ್ನೆ ಬರೆದರೆ ಹೀಗೆ ಬರೆಯುತ್ತೇನೆ: ಗ್ರಂಥಾಲಯಕ್ಕೆ ನೀನು ಹೋಗುವ ಹೊತ್ತಿಗೆ ಬೀಗ ಹಾಕಿರುತ್ತಾ? (ಹಾಕಿರುತ್ತದೆ. ಕಾಲೇಜು ಮುಗಿಸಿ ಬರುವಷ್ಟರಲ್ಲಿ ಮುಚ್ಚಿರುತ್ತದೆ. 2020ರಲ್ಲಿ "ಓದುವ ಬೆಳಕು" ಅಂತ ನಮ್ಮನ್ನೆಲ್ಲ ಉಚಿತ ಸದಸ್ಯರನ್ನಾಗಿ ಮಾಡಿದರು. ಸದಸ್ಯತ್ವ ಇದೆ, ಒಳಗೆ ಹೋಗೋಕೆ ಆಗಲ್ಲ.) ಆನ್‌ಲೈನ್ ಗೇಮಿನಲ್ಲಿ ಎಷ್ಟು ಕಳೆದುಕೊಂಡಿದ್ದೀಯಾ, ಮನೆಯಲ್ಲಿ ಗೊತ್ತಾ? ಸಿಮೆಂಟ್ ಫ್ಯಾಕ್ಟರಿಗಳು ಕಣ್ಣೆದುರೇ ಇವೆ. ಅಲ್ಲಿ ಕೆಲಸ ಸಿಗೋಕೆ ಏನು ಓದಬೇಕು ಅಂತ ನಿನಗೆ ಯಾರಾದರೂ ಹೇಳಿದ್ದಾರಾ? ದೂಳಷ್ಟೇ ನಮಗೆ ಬರುತ್ತದೆ. ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಅಷ್ಟೇ, ಬಿಸಿಲು ಜಾಸ್ತಿ ಅಂತ. ಆ ಬಿಸಿಲಲ್ಲಿ ತಗಡಿನ ಮನೆಯಲ್ಲಿ ಕೂತು ನೀನು ಹೇಗೆ ಓದುತ್ತೀಯಾ?

ಮತ್ತೆ ಆಟದ ಮೈದಾನ. ನಾವು ಸಣ್ಣವರಿದ್ದಾಗ ಆಡುತ್ತಿದ್ದ ಜಾಗಕ್ಕೆ ಈಗ ತಂತಿ ಬೇಲಿ ಬಿದ್ದಿದೆ. ಯಾರದು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಚಾ_ಅಂಗಡಿ

ತಮ್ಮಾ, ಈ ಪ್ರಶ್ನೆಗಳನ್ನು ಓದಿದ ಮೇಲೆ ನನ್ನ ತಕರಾರು ಅರ್ಧ ಕಡಿಮೆಯಾಯಿತು. ಇನ್ನರ್ಧ ಹಾಗೇ ಇದೆ. ಪಂಚಾಯತಿಯವರು "ನೋಡೋಣ, ಮಾಡೋಣ" ಅನ್ನುತ್ತಾರೆ. ಮುಂದಿನ ವರ್ಷ ನೀನು ಊರಲ್ಲೇ ಇರಲ್ಲ.

ನಿವೃತ್ತ_ಪಿಡಿಒ

"ನೋಡೋಣ" ಅನ್ನೋಕೆ ಕಾರಣ ಇರುತ್ತದೆ. ಕುರ್ಚಿಯಲ್ಲಿ ಕೂತಿದ್ದವನು, ಹಾಗಾಗಿ ಹೇಳುತ್ತೇನೆ. ಮಕ್ಕಳು ಬಸ್ಸು ಕೇಳುತ್ತಾರೆ, ಅದು ಸಾರಿಗೆ ನಿಗಮದ ಕೈಯಲ್ಲಿದೆ. ಶಿಕ್ಷಕರು ಬೇಕು ಅನ್ನುತ್ತಾರೆ, ಅದು ಶಿಕ್ಷಣ ಇಲಾಖೆ. ಕದ್ದು ಶರೆ ಮಾರುವುದು ಅಬಕಾರಿ ಮತ್ತು ಪೊಲೀಸ್. ಪಂಚಾಯತಿ ಕೈಯಲ್ಲಿ ಇರುವುದು ಬೀದಿದೀಪ, ಕುಡಿಯುವ ನೀರು, ಚರಂಡಿ, ಗ್ರಂಥಾಲಯ. ಶಾಲೆ ಕಾಂಪೌಂಡ್, ಶೌಚಾಲಯ, ಆಟದ ಮೈದಾನವನ್ನು ನಾವು ನರೇಗಾದಲ್ಲಿ ಮಾಡಿಸಿದ್ದುಂಟು.

ಅದಕ್ಕೇ ನನ್ನ ಸಲಹೆ, ಬಂದ ಬೇಡಿಕೆಗಳನ್ನು ಮಕ್ಕಳ ಮುಂದೆಯೇ ಎರಡು ಪಾಲು ಮಾಡಿ. ಪಂಚಾಯತಿ ತಾನೇ ಮಾಡಬಹುದಾದದ್ದು ಒಂದು ಕಡೆ. ಬೇರೆ ಇಲಾಖೆಗೆ ಪಂಚಾಯತಿ ಪತ್ರ ಬರೆಯಬೇಕಾದದ್ದು ಇನ್ನೊಂದು ಕಡೆ. ಪತ್ರ ಬರೆದರೆ ಅದರ ಪ್ರತಿ ನೋಟಿಸ್ ಬೋರ್ಡಿಗೆ ಹಾಕಬೇಕು. ಆಗಲ್ಲ ಅನ್ನುವುದನ್ನು "ಆಗಲ್ಲ, ಇಂಥ ಕಾರಣಕ್ಕೆ" ಅಂತ ಬರೆದು ಹಾಕಬೇಕು. ನನ್ನ ಅನುಭವದಲ್ಲಿ ಹುಡುಗರು "ಆಗಲ್ಲ" ಅನ್ನೋದಕ್ಕೆ ಸಿಟ್ಟಾಗಲ್ಲ. ಏನೂ ಹೇಳದೆ ಇದ್ದರೆ ಮುಂದಿನ ಸಲ ಬರಲ್ಲ.

ಇನ್ನು ಹೊತ್ತು. ಪಂಚಾಯತಿಯ ವಾರ್ಷಿಕ ಯೋಜನೆ, ಅಂದರೆ "ನಮ್ಮ ಗ್ರಾಮ ನಮ್ಮ ಯೋಜನೆ", ಅದರ ತಯಾರಿ ಅಕ್ಟೋಬರ್ 2ರ ಆಸುಪಾಸಿನಲ್ಲಿ ಶುರುವಾಗುತ್ತದೆ. ಅದರಲ್ಲಿ ಕೆಲಸ ಸೇರಿದರೆ ಮಾತ್ರ ದುಡ್ಡು. ಯೋಜನೆ ಬರೆದು ಮುಗಿದ ಮೇಲೆ ಜನವರಿಯಲ್ಲಿ ಮಕ್ಕಳನ್ನು ಕೇಳಿದರೆ, ಅವರು ಕೇಳಿದ್ದನ್ನು ಬರೆಯೋಕೆ ಹಾಳೆಯಲ್ಲಿ ಜಾಗವೇ ಇರಲ್ಲ. ಆಗಸ್ಟ್ ಅಥವಾ ಸೆಪ್ಟೆಂಬರಿನಲ್ಲಿ ಕೇಳಿ.

ಬೀದರಿ_ಕುಸುರಿ

ಆಗಸ್ಟಿನಲ್ಲಿ ಹೆಸರು, ಉದ್ದಿನ ಕಟಾವು ಇರುತ್ತದೆ ಕಾಕಾ. ಸೆಪ್ಟೆಂಬರ್ ಆದರೆ ಒಳ್ಳೆಯದು, ದಸರಾ ರಜೆಗೆ ಮೊದಲು. ಹತ್ತಿರದ ಡಿಗ್ರಿ ಕಾಲೇಜಿನ ಎನ್ನೆಸ್ಸೆಸ್ ಘಟಕವನ್ನು ಕೇಳಿ ನೋಡಿ. ಅವರು ಹಳ್ಳಿಗಳಲ್ಲಿ ಏಳು ದಿನದ ಶಿಬಿರ ಹೇಗೂ ಮಾಡುತ್ತಾರೆ. ರಸ್ತೆ ಗುಡಿಸುವುದರ ಜೊತೆಗೆ ಇದನ್ನೂ ಮಾಡಲಿ. ದೊಡ್ಡವರಿಗಿಂತ 19ರ ಹುಡುಗಿ ಕೇಳಿದರೆ 15ರ ಹುಡುಗಿ ಬೇಗ ಮಾತಾಡುತ್ತಾಳೆ.

ತೊಗರಿಹೊಲ

ಎಲ್ಲರದೂ ಓದಿದೆ. ಗೂಗಲ್ ಫಾರ್ಮ್ ಕೈಬಿಟ್ಟೆವು. ಪ್ರಶ್ನೆ ಬರೆಯುವುದು ಹುಡುಗರಿಗೇ ಬಿಟ್ಟದ್ದು. ಹುಡುಗಿಯರ ಗುಂಪಿಗೆ ಸಂಘದ ಅಕ್ಕಂದಿರನ್ನು ಕೇಳಿದ್ದೇವೆ, ಇಬ್ಬರು ಒಪ್ಪಿದ್ದಾರೆ. ಹೊರಗೆ ದುಡಿಯುವವರಿಗೆ ವಾಟ್ಸಾಪ್ ಧ್ವನಿ. ಗ್ರಂಥಾಲಯದ ಸಮಯದ ಬಗ್ಗೆ ನಮ್ಮ ಗ್ರಂಥಪಾಲಕರನ್ನು ಕೇಳಿದೆ. ಸಂಜೆ ತೆರೆಯೋಕೆ ಅವರಿಗೆ ಅಡ್ಡಿ ಇಲ್ಲ, ಪಂಚಾಯತಿ ಬರೆದುಕೊಡಬೇಕು ಅಂದರು. ವಾಡಿ ಕಡೆಯ ತಮ್ಮ ನಮ್ಮ ತಾಲೂಕಿನವನೇ, ಪ್ರಶ್ನೆ ಬರೆಯುವ ದಿನ ಬಂದರೆ ಅನುಕೂಲ.

ಅಧ್ಯಕ್ಷರು ಮಾತ್ರ "ಲಿಖಿತ ಉತ್ತರ ಯಾಕೆ, ಬಾಯಲ್ಲಿ ಹೇಳಿದರೆ ಸಾಲದಾ" ಅಂತಿದ್ದಾರೆ.

ಕರಿಕೋಟು

ಬೇಡಿಕೆ ಪಟ್ಟಿಯನ್ನು ಅರ್ಜಿ ಮಾಡಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಆ ಅರ್ಜಿ ಏನಾಯಿತು ಅಂತ ಕೇಳಿ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು.

ಪಿಯು_ಎರಡನೇ_ವರ್ಷ

ಬರುತ್ತೇನೆ ಅಣ್ಣಾ, ಭಾನುವಾರ ಇಟ್ಟುಕೊಳ್ಳಿ. ವಕೀಲ ಸರ್, 18 ಆಗದವರು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದಾ?

ಕರಿಕೋಟು

ಕಾಯ್ದೆಯಲ್ಲಿ "ಎಲ್ಲ ನಾಗರಿಕರು" ಅಂತಿದೆ. ವಯಸ್ಸು ಬರೆದಿಲ್ಲ. ಹಾಕು.

ಪಿಯು_ಎರಡನೇ_ವರ್ಷ

ಹಾಗಾದರೆ ಆ ಮೈದಾನದ್ದೇ ಮೊದಲು ಕೇಳುತ್ತೇನೆ. ಸರ್ವೆ ನಂಬರ್ ಎಲ್ಲಿ ಸಿಗುತ್ತದೆ?

ನಿವೃತ್ತ_ಪಿಡಿಒ

ತಲಾಟಿ (ಗ್ರಾಮ ಆಡಳಿತ ಅಧಿಕಾರಿ) ಹತ್ತಿರ ಊರಿನ ನಕ್ಷೆ ಇರುತ್ತದೆ. ಅಕ್ಕಪಕ್ಕದ ಹೊಲದವರ ಸರ್ವೆ ನಂಬರ್ ಗೊತ್ತಿದ್ದರೆ ಇದನ್ನು ಹುಡುಕೋದು ಸುಲಭ. ನಂಬರ್ ಸಿಕ್ಕಮೇಲೆ ಪಹಣಿ ತೆಗೆಸು, ಗಾಯರಾಣ (ದನ ಮೇಯಿಸುವ ಸರ್ಕಾರಿ ಜಾಗ) ಅಂತಿದೆಯೋ, ಯಾರದಾದರೂ ಹೆಸರಿದೆಯೋ ನೋಡು. ಹಳೆಯ ಪಹಣಿಯನ್ನೂ ತೆಗೆಸು, ಹೊಸದನ್ನು ಮಾತ್ರ ನೋಡಿ ಸುಮ್ಮನಾಗಬೇಡ. ಬೇಲಿ ಯಾವ ವರ್ಷ ಬಿತ್ತು ಅಂತ ಊರಿನ ಹಿರಿಯರನ್ನು ಕೇಳಿ ಬರೆದಿಟ್ಟುಕೋ.